ಸುತ್ತಿಗೆಯೇಟಿನ ಬೆಳ್ಳಿ ಪೆನ್ನಿ: ಅಂಚು ವಕ್ರವಾಗಿದ್ದರೆ ನಾಣ್ಯ ನಕಲಿಯೇ?

ಪ್ರಶ್ನೆ: ನಾವು ಕೆಲವು ವರ್ಷಗಳಿಂದ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನೆಲೆಸಿದ್ದೇವೆ. ಮಗನ ಆಸಕ್ತಿಗೆಂದು ವಾರಾಂತ್ಯದ ಸಂತೆಯೊಂದರಲ್ಲಿ ಮಧ್ಯಯುಗದ ಎರಡು ಬೆಳ್ಳಿ ಪೆನ್ನಿಗಳನ್ನು ಕೊಂಡೆ. ಒಂದರಲ್ಲಿ ಮಗು ಗೀಚಿದಂತಹ ರಾಜನ ಮುಖವಿದ್ದು, ಹಿಂಬದಿಯಲ್ಲಿ ಅಂಚಿನವರೆಗೂ ಚಾಚಿದ ಶಿಲುಬೆಯಿದೆ, ತೂಕ 1.36 ಗ್ರಾಂ. ಇನ್ನೊಂದು ಎಡ್ವರ್ಡ್ ದೊರೆಯದಂತೆ. ಕಪ್ಪಗಾಗಿದೆ, ನಡುವೆ ಮಡಿಸಿದಂತೆ ಬಾಗಿದೆ, ತೂಕ 1.31 ಗ್ರಾಂ. ಮೂರನೆಯದು ಮಗನಿಗೆ ಲೋಹಶೋಧಕ ಕ್ಲಬ್ಬಿನವರೊಂದಿಗೆ ಹೊಲದಲ್ಲಿ ಸಿಕ್ಕ ಅರ್ಧ ತುಂಡು, 0.62 ಗ್ರಾಂ. ಚಿತ್ರ ನಡುವಿನಲ್ಲಿಲ್ಲ, ಅಂಚು ವಕ್ರ, ಆದ್ದರಿಂದ ಇವು ನಕಲಿ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಶಿಲುಬೆಯಿರುವುದು ಚರ್ಚಿನ ಬಿಲ್ಲೆಯೇ ಹೊರತು ನಾಣ್ಯವಲ್ಲ ಎಂಬುದು ಇನ್ನೊಬ್ಬರ ಅಭಿಪ್ರಾಯ. ದಾವಣಗೆರೆಯಲ್ಲಿ ಬೆಳ್ಳಿ ಅಂಗಡಿಯಿರುವ ನನ್ನ ಸೋದರಮಾವ, ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಹೊಳಪು ಬರುತ್ತದೆ, ಬಾಗಿದ್ದನ್ನು ಮರದ ಸುತ್ತಿಗೆಯಿಂದ ತಟ್ಟಿ ಸರಿಮಾಡಬಹುದು ಎನ್ನುತ್ತಾರೆ. ನಾನು ಮೋಸಹೋಗಿದ್ದೇನೆಯೇ? ಇವನ್ನು ಏನು ಮಾಡಲಿ?

ಉತ್ತರ: ನಿಮ್ಮ ಆತಂಕ ಸಹಜವಾದುದು. ನಮ್ಮಲ್ಲಿ ಬಹುಮಂದಿಗೆ ಹಳೆಯ ಬೆಳ್ಳಿ ನಾಣ್ಯವೆಂದರೆ ಅಜ್ಜಿಯ ಪೆಟ್ಟಿಗೆಯಲ್ಲಿದ್ದ ರಾಣಿ ಛಾಪಿನ ರೂಪಾಯಿ: ದುಂಡಗೆ, ಸಮನಾದ ಅಂಚಿನೊಂದಿಗೆ, ಒಂದರಂತೆ ಇನ್ನೊಂದು ಇರುವಂಥದ್ದು. ಅದು ಯಂತ್ರದ ನಾಣ್ಯ. ನಿಮ್ಮ ಬಳಿಯಿರುವವು ಕೈಯಿಂದ ಬಡಿದು ಮಾಡಿದವು. ಯಂತ್ರದ ನಾಣ್ಯದ ಅಳತೆಗೋಲಿನಿಂದ ಅವನ್ನು ಅಳೆಯುವುದರಿಂದಲೇ ನಿಮ್ಮ ಸಹೋದ್ಯೋಗಿಯ ಅನುಮಾನ ಹುಟ್ಟಿದೆ. ನೀವು ಕಳುಹಿಸಿದ ಚಿತ್ರಗಳಲ್ಲಾಗಲಿ ತೂಕಗಳಲ್ಲಾಗಲಿ ಸಂದೇಹಕ್ಕೆ ಎಡೆಕೊಡುವ ಯಾವ ಗುರುತೂ ನನಗೆ ಕಾಣಲಿಲ್ಲ. ಆದರೆ ಚಿತ್ರವನ್ನಷ್ಟೇ ನೋಡಿ ಅಸಲಿಯೆಂದು ಮುದ್ರೆಯೊತ್ತುವುದು ಈ ವೃತ್ತಿಯಲ್ಲಿ ಸಲ್ಲದು. ಅದಕ್ಕೆ ನಾಣ್ಯವನ್ನು ಕೈಯಲ್ಲಿ ಹಿಡಿದು ನೋಡಬೇಕು.

ಮೊದಲು ವಕ್ರತೆಯ ಮಾತು. ಆ ಕಾಲದ ಟಂಕಸಾಲೆಯಲ್ಲಿ ಸಾವಿರಕ್ಕೆ 925 ಭಾಗ ಬೆಳ್ಳಿಯಿರುವ ಸ್ಟರ್ಲಿಂಗ್ ಮಿಶ್ರಲೋಹವನ್ನು ಎರಕಹೊಯ್ದು, ತಟ್ಟಿ ತೆಳುವಾಗಿಸಿ, ಕತ್ತರಿಯಿಂದ ತುಂಡರಿಸಿ ಬಿಲ್ಲೆ ಮಾಡುತ್ತಿದ್ದರು. ಕೆಳಗಿನ ಅಚ್ಚಿಗೆ ಮೊನೆಯಿದ್ದು ಅದನ್ನು ಮರದ ಕೊರಡಿನಲ್ಲಿ ನೆಟ್ಟಿರುತ್ತಿದ್ದರು; ಅದರ ಮೇಲೆ ಬಿಲ್ಲೆಯನ್ನಿಟ್ಟು, ಮೇಲಿನ ಅಚ್ಚನ್ನು ಕೈಯಲ್ಲಿ ಹಿಡಿದು, ಅದರ ತಲೆಯ ಮೇಲೆ ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಬಿಲ್ಲೆಯನ್ನು ಸುತ್ತಲಿಂದ ಹಿಡಿದಿಡುವ ಬಳೆ ಇರಲಿಲ್ಲವಾದ್ದರಿಂದ ಲೋಹ ಏಟಿಗೆ ಹೇಗೆ ಹರಡಿತೋ ಹಾಗೆಯೇ ಅಂಚು ಉಳಿಯಿತು. ಕೈ ಕೊಂಚ ಸರಿದರೆ ಚಿತ್ರ ಒಂದು ಬದಿಗೆ ಜಾರುತ್ತದೆ. ಏಟು ಓರೆಯಾಗಿ ಬಿದ್ದರೆ ಒಂದು ಭಾಗ ಮಸುಕಾಗಿ ಉಳಿಯುತ್ತದೆ. ಏಟು ಎರಡು ಬಾರಿ ಬಿದ್ದು ನಡುವೆ ಅಚ್ಚು ಅಲುಗಿದರೆ ರಾಜನಿಗೆ ಎರಡು ಮೂಗು ಬರುತ್ತದೆ. ಮುಂಬದಿಯ ತಲೆಗೂ ಹಿಂಬದಿಯ ಶಿಲುಬೆಗೂ ನೇರ ಹೊಂದಾಣಿಕೆಯಿಲ್ಲದಿರುವುದು ಕೂಡ ಇದರಿಂದಲೇ. ನಮ್ಮ ನೆಲದಲ್ಲಿಯೂ ಬಹಮನಿಗಳ ಟಂಕದಿಂದ ಮೊಘಲರ ರೂಪಾಯಿಯವರೆಗೆ ಕೆಲಸ ನಡೆದದ್ದು ಹೀಗೆಯೇ. ಬಿಲ್ಲೆಗಿಂತ ಅಚ್ಚು ದೊಡ್ಡದಾಗಿರುತ್ತಿದ್ದುದರಿಂದ ಮೊಘಲ್ ರೂಪಾಯಿಗಳಲ್ಲಿ ಎಷ್ಟೋ ಬಾರಿ ಇಸವಿಯೇ ಹೊರಗೆ ಉಳಿದುಬಿಟ್ಟಿರುತ್ತದೆ. ಅದನ್ನು ಯಾರೂ ನಕಲಿ ಎನ್ನುವುದಿಲ್ಲ.

ಮುಖ ಮಗು ಗೀಚಿದಂತಿದೆ ಎಂದಿದ್ದೀರಿ. ಅದು ಭಾವಚಿತ್ರವಲ್ಲ, ಅರಸೊತ್ತಿಗೆಯ ಚಿಹ್ನೆ ಮಾತ್ರ. ಅಚ್ಚು ಕೆತ್ತುವವರು ಬಹುಪಾಲು ಕೆಲಸವನ್ನು ಸಣ್ಣ ಉಕ್ಕಿನ ಒತ್ತುಳಿಗಳಿಂದಲೇ ಮುಗಿಸುತ್ತಿದ್ದರು: ಒಂದು ಚುಕ್ಕೆ, ಒಂದು ಅರ್ಧಚಂದ್ರ, ಒಂದು ಬೆಣೆ, ಒಂದು ಗೆರೆ. ಚುಕ್ಕೆಯೊತ್ತಿದರೆ ಕಣ್ಣು, ಅರ್ಧಚಂದ್ರಗಳನ್ನು ಜೋಡಿಸಿದರೆ ಕೆನ್ನೆಯ ಪಕ್ಕದ ಗುಂಗುರು ಕೂದಲು, ಗೆರೆಗೆ ಬೆಣೆ ಸೇರಿದರೆ ಒಂದು ಅಕ್ಷರ. ಸಾವಿರಾರು ಅಚ್ಚುಗಳನ್ನು ಬೇಗ ಬೇಗ ಮಾಡಬೇಕಾಗಿದ್ದ ಕೈಗಳಿಗೆ ಇದೇ ಸರಿಯಾದ ವಿಧಾನವಾಗಿತ್ತು. ರಾಜನ ರೂಪಕ್ಕೆ ಎಷ್ಟು ಕಡಿಮೆ ಬೆಲೆಯಿತ್ತೆಂದರೆ, ಎರಡನೆಯ ಹೆನ್ರಿ 1180ರಲ್ಲಿ ತಂದ ಗಿಡ್ಡ ಶಿಲುಬೆಯ ಪೆನ್ನಿಯ ಮೇಲಿನ ‘ಹೆನ್ರಿಕಸ್ ರೆಕ್ಸ್’ ಎಂಬ ಬರಹ ರಿಚರ್ಡ್‌ನ ಕಾಲದಲ್ಲಿಯೂ ಜಾನ್‌ನ ಕಾಲದಲ್ಲಿಯೂ ಬದಲಾಗಲೇ ಇಲ್ಲ. ಇಂಗ್ಲೆಂಡಿನ ಟಂಕಸಾಲೆಗಳು ಈ ಇಬ್ಬರು ದೊರೆಗಳ ಹೆಸರಿನಲ್ಲಿ ಒಂದು ಪೆನ್ನಿಯನ್ನೂ ಹೊರಡಿಸಲಿಲ್ಲ. ನಿಜವಾದ ಹೋಲಿಕೆಯಿರುವ, ಪಕ್ಕಕ್ಕೆ ತಿರುಗಿದ ಮುಖ ಈ ಸರಣಿಯಲ್ಲಿ ಬರುವುದು ಏಳನೆಯ ಹೆನ್ರಿಯ ಕೊನೆಯ ವರ್ಷಗಳಲ್ಲಿ, 16ನೆಯ ಶತಮಾನ ತೊಡಗಿದ ಮೇಲೆ.

ಇನ್ನು ಶಿಲುಬೆ. ಅದು ಚರ್ಚಿನ ಬಿಲ್ಲೆಯಲ್ಲ, ಇಂಗ್ಲೆಂಡಿನ ಪೇಟೆಗಳಲ್ಲಿ ಓಡಾಡಿದ ಹಣವೇ. ಶಿಲುಬೆ ಅಲ್ಲಿನ ನಾಣ್ಯಗಳ ಹಿಂಬದಿಯಲ್ಲಿ ಶತಮಾನಗಳಿಂದ ಇತ್ತು. ಧರ್ಮಭಾವ ಅದರಲ್ಲಿ ಇದ್ದೇ ಇತ್ತು, ಆದರೆ 1247ರಲ್ಲಿ ಅದನ್ನು ಅಂಚಿನವರೆಗೆ ಚಾಚಿದ್ದು ಕಳ್ಳತನ ತಡೆಯುವುದಕ್ಕಾಗಿ. ನಾಣ್ಯದ ಬೆಲೆ ಅದರಲ್ಲಿರುವ ಬೆಳ್ಳಿಯ ಮೇಲೆ ನಿಂತಿದ್ದ ಕಾಲವದು. ಪ್ರತಿ ಪೆನ್ನಿಯ ಅಂಚಿನಿಂದ ಕೂದಲೆಳೆಯಷ್ಟು ಬೆಳ್ಳಿ ಕತ್ತರಿಸಿಕೊಂಡು, ಉಳಿದುದನ್ನು ಪೂರ್ಣ ಬೆಲೆಗೆ ದಾಟಿಸಿದರೆ ಕೆಲವೇ ದಿನಗಳಲ್ಲಿ ಒಂದು ಗಟ್ಟಿಯಷ್ಟು ಬೆಳ್ಳಿ ಕೂಡುತ್ತಿತ್ತು. ಗಿಡ್ಡ ಶಿಲುಬೆಯ ನಾಣ್ಯದಲ್ಲಿ ಶಿಲುಬೆ ಒಳವೃತ್ತದೊಳಗೇ ಮುಗಿಯುತ್ತಿದ್ದುದರಿಂದ ಹೊರಗಿನ ಅಕ್ಷರಗಳು ಸವೆದವೋ ಕತ್ತರಿಸಲ್ಪಟ್ಟವೋ ಎಂಬುದು ಪೇಟೆಯ ಗಲಾಟೆಯಲ್ಲಿ ತಿಳಿಯುತ್ತಿರಲಿಲ್ಲ. ಮೂರನೆಯ ಹೆನ್ರಿಯ ಆಡಳಿತ ಶಿಲುಬೆಯ ನಾಲ್ಕು ತುದಿಗಳನ್ನೂ ಅಂಚಿಗೆ ಒಯ್ದು, ನಾಲ್ಕೂ ತುದಿ ಕಾಣದ ನಾಣ್ಯವನ್ನು ಒಪ್ಪಬೇಕಾಗಿಲ್ಲ ಎಂಬ ಪರೀಕ್ಷೆಯನ್ನು ಓದುಬರಹ ಬಾರದವರ ಕೈಗೂ ಕೊಟ್ಟಿತು. ವಿನ್ಯಾಸವೊಂದು ಕಾವಲುಗಾರನ ಕೆಲಸ ಮಾಡಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಆದರೂ ಕತ್ತರಿ ನಿಲ್ಲಲಿಲ್ಲ. ಅಪವಾದವನ್ನು ಯಹೂದಿಯರ ಮೇಲೆ ಸಾಮೂಹಿಕವಾಗಿ ಹೊರಿಸಿ, 1278–79ರಲ್ಲಿ ಅವರಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಗಲ್ಲಿಗೇರಿಸಲಾಯಿತು. 1290ರಲ್ಲಿ ಅವರನ್ನು ದೇಶದಿಂದಲೇ ಹೊರಗಟ್ಟಲಾಯಿತು. ಈ ಪುಟ್ಟ ಬಿಲ್ಲೆಗಳ ಚರಿತ್ರೆಯನ್ನು ಓದುವವರು ಆ ಪುಟವನ್ನು ದಾಟಿ ಹೋಗಬಾರದು.

ಶಿಲುಬೆಯ ಸುತ್ತಲಿನ ಬರಹವನ್ನು ಓದಿನೋಡಿ. ನಿಮ್ಮ ಚಿತ್ರದಲ್ಲಿ ಶಿಲುಬೆಯ ನಾಲ್ಕು ತೋಳುಗಳ ನಡುವೆ ಮೂರು ಮೂರು ಅಕ್ಷರಗಳಿವೆ: ಎನ್-ಐ-ಸಿ, ಓ-ಎಲ್-ಇ, ಓ-ಎನ್-ಎಲ್, ವಿ-ಎನ್-ಡಿ. ಜೋಡಿಸಿದರೆ ‘ನಿಕೋಲ್, ಲಂಡನ್ನಿನಲ್ಲಿ’ ಎಂದಾಗುತ್ತದೆ. ನಿಕೋಲ್ ಎಂಬುದು ಆ ನಾಣ್ಯಕ್ಕೆ ಹೊಣೆಯಾಗಿದ್ದ ಟಂಕಾಧಿಕಾರಿಯ ಹೆಸರು. ತೂಕದಲ್ಲಿ ಅಥವಾ ಶುದ್ಧತೆಯಲ್ಲಿ ಕೊರತೆ ಕಂಡರೆ ಯಾರನ್ನು ಹಿಡಿಯಬೇಕೆಂಬುದು ನಾಣ್ಯದ ಮೇಲೆಯೇ ಬರೆದಿರುತ್ತಿತ್ತು. ಈ ಹೊಣೆಗಾರಿಕೆ ಬಾಯಿಮಾತಿನದಾಗಿರಲಿಲ್ಲ: 1124ರ ಕೊನೆಯಲ್ಲಿ ಮೊದಲನೆಯ ಹೆನ್ರಿ ನಾಡಿನ ಟಂಕಾಧಿಕಾರಿಗಳನ್ನು ವಿಂಚೆಸ್ಟರ್‌ಗೆ ಕರೆಸಿ, ಕಳಪೆ ಹಣ ಮಾಡಿದ ತಪ್ಪಿಗೆ ಬಲಗೈ ಕತ್ತರಿಸುವ ಶಿಕ್ಷೆ ಕೊಡಿಸಿದ್ದ.

ಮಗನಿಗೆ ಸಿಕ್ಕ ಅರ್ಧ ತುಂಡನ್ನು ಮುರುಕೆಂದು ಬದಿಗಿಡಬೇಡಿ. ಒಂದು ಪೆನ್ನಿ ಆಗ ಸಣ್ಣ ಮೊತ್ತವಾಗಿರಲಿಲ್ಲ. ದಿನಬಳಕೆಯ ಕೊಡುಕೊಳ್ಳುವಿಕೆಗೆ ಅದಕ್ಕಿಂತ ಚಿಲ್ಲರೆ ಬೇಕಾಗಿತ್ತು, ಆದರೆ ದುಂಡಗಿನ ಅರ್ಧ ಪೆನ್ನಿ ಆಗ ಬಳಕೆಯಲ್ಲಿರಲಿಲ್ಲ. ಆದ್ದರಿಂದ ಶಿಲುಬೆಯ ಗೆರೆಯನ್ನೇ ಹಿಡಿದು ನಾಣ್ಯವನ್ನು ಎರಡಾಗಿ, ಬೇಕಾದರೆ ನಾಲ್ಕಾಗಿ ಕತ್ತರಿಸುತ್ತಿದ್ದರು. ನಿಮ್ಮ ತುಂಡಿನ ಅಂಚು ಶಿಲುಬೆಯ ಜೋಡಿ ಗೆರೆಗಳ ನಡುವೆ ನೇರವಾಗಿ ಸಾಗಿದೆ. ಉಳುಮೆಯ ಗುಳಕ್ಕೆ ಸಿಕ್ಕಿ ಮುರಿದ ನಾಣ್ಯ ಹೀಗೆ ಸೀಳುವುದಿಲ್ಲ. ಉಳಿದ ಆರು ಅಕ್ಷರಗಳು ಓ-ಎನ್-ಸಿ ಮತ್ತು ಎ-ಎನ್-ಟಿ. ಅಂದರೆ ಊರು ಕ್ಯಾಂಟರ್ಬರಿ. ಅಧಿಕಾರಿಯ ಹೆಸರು ಇನ್ನೊಂದು ಅರ್ಧದೊಂದಿಗೆ ಹೋಗಿದೆ. ತೂಕ 0.62 ಗ್ರಾಂ ಎಂಬುದೂ ಹೊಂದುತ್ತದೆ, ಏಕೆಂದರೆ ಆ ಕಾಲದ ಪೂರ್ಣ ಪೆನ್ನಿಯ ನಿಗದಿತ ತೂಕ ಸುಮಾರು 1.46 ಗ್ರಾಂ, ಅದರ ಅರ್ಧ 0.73 ಗ್ರಾಂ. ಸವೆತಕ್ಕೂ ಕತ್ತರಿಸಿದವನ ಕೈಚಳಕಕ್ಕೂ ಇಷ್ಟು ಬಿಟ್ಟುಕೊಡಬಹುದು.

ಎಡ್ವರ್ಡ್‌ನ ನಾಣ್ಯ ಈ ಸರಣಿಯ ಮುಂದಿನ ಹೆಜ್ಜೆ. ಮೊದಲನೆಯ ಎಡ್ವರ್ಡ್ 1279ರಲ್ಲಿ ಹೊಸ ನಾಣ್ಯ ತಂದಾಗ ಜೋಡಿಗೆರೆಯ ಶಿಲುಬೆ ಹೋಗಿ ಒಂಟಿ ಗೆರೆಯ ಶಿಲುಬೆ ಬಂತು. ಪ್ರತಿ ಮೂಲೆಯ ಮೂರು ಚುಕ್ಕೆಗಳು ಉಳಿದವು. ಟಂಕಾಧಿಕಾರಿಗಳ ಹೆಸರು ಮಾಯವಾಗಿ ಊರಿನ ಹೆಸರು ಮಾತ್ರ ನಿಂತಿತು. ಬರಿ ಸೇಂಟ್ ಎಡ್ಮಂಡ್ಸ್ ಎಂಬ ಮಠದೂರಿನಲ್ಲಿ ಮಾತ್ರ ರಾಬರ್ಟ್ ಡಿ ಹ್ಯಾಡ್ಲಿ ಎಂಬಾತನ ಹೆಸರು ಇನ್ನೂ ಕೆಲಕಾಲ ಮುಂದುವರಿಯಿತು. ದುಂಡಗಿನ ಅರ್ಧ, ಕಾಲು ಪೆನ್ನಿಗಳನ್ನು ಇದೇ ಸುಧಾರಣೆ ತಂದದ್ದರಿಂದ ಕತ್ತರಿಸುವ ರೂಢಿ ಕ್ರಮೇಣ ನಿಂತುಹೋಯಿತು. ನಿಮ್ಮ ನಾಣ್ಯದ ಮುಂಬದಿಯ ಸಂಕ್ಷಿಪ್ತ ಲ್ಯಾಟಿನ್ನಿನ ಅರ್ಥ ‘ಎಡ್ವರ್ಡ್, ಇಂಗ್ಲೆಂಡಿನ ಅರಸ, ಐರ್ಲೆಂಡಿನ ಒಡೆಯ’ ಎಂದು. ಇದೇ ವಿನ್ಯಾಸ ಎರಡನೆಯ ಎಡ್ವರ್ಡ್‌ನ ಕಾಲದಲ್ಲಿಯೂ ಮುಂದುವರಿದುದರಿಂದ, ನಿಮ್ಮದು ತಂದೆಯದೋ ಮಗನದೋ ಎಂದು ಹೇಳಬೇಕಾದರೆ ಕಿರೀಟದ ಪಕ್ಕದ ಹೂವಿನ ಎಸಳು, ಹೆಸರನ್ನು ಎಷ್ಟು ಅಕ್ಷರಗಳಿಗೆ ಮೊಟಕುಗೊಳಿಸಿದ್ದಾರೆ, ಅಕ್ಷರಗಳ ಆಕಾರ ಹೇಗಿದೆ ಎಂಬುದನ್ನೆಲ್ಲ ಭೂತಗನ್ನಡಿಯಲ್ಲಿ ನೋಡಬೇಕು. ಅದರ ನಿಗದಿತ ತೂಕ ಸುಮಾರು 1.44 ಗ್ರಾಂ. ಮುಂದೆ 1351ರಲ್ಲಿ ಅದು ಸುಮಾರು 1.17 ಗ್ರಾಂಗೂ, 1412ರಲ್ಲಿ 0.97 ಗ್ರಾಂಗೂ, 1464ರಲ್ಲಿ 0.78 ಗ್ರಾಂಗೂ ಇಳಿಯಿತು. ಬೆಳ್ಳಿಯ ಶುದ್ಧತೆಯನ್ನು ಮುಟ್ಟದೆ ತೂಕವನ್ನು ಮಾತ್ರ ಇಳಿಸಿದ್ದರಿಂದ, ತೂಕವೇ ಕಾಲ ನಿರ್ಣಯಕ್ಕೆ ನೆರವಾಗುತ್ತದೆ. ನಿಮ್ಮ 1.31 ಗ್ರಾಂ ಈ ಮೊದಲ ಅವಧಿಗೇ ಸಲ್ಲುತ್ತದೆ.

ಹಾಗಾದರೆ ನಕಲಿಯನ್ನು ಗುರುತಿಸುವುದು ಹೇಗೆ? ನನ್ನ ಮೇಜಿಗೆ ಬರುವ ನಕಲಿಗಳಲ್ಲಿ ಹೆಚ್ಚಿನವು ಎರಕದವು. ಅಸಲಿ ನಾಣ್ಯವೊಂದರಿಂದ ಪಡಿಯಚ್ಚು ತೆಗೆದು ಅದರಲ್ಲಿ ಲೋಹ ಹೊಯ್ದಾಗ ಅಕ್ಷರದ ಅಂಚುಗಳು ಮೊಂಡಾಗುತ್ತವೆ, ಬಯಲು ಜಾಗದಲ್ಲಿ ಗಾಳಿಗುಳ್ಳೆಯ ಸಣ್ಣ ದುಂಡು ಕುಳಿಗಳು ಉಳಿಯುತ್ತವೆ, ಅಂಚಿನಲ್ಲಿ ಎರಡು ಅಚ್ಚುಗಳು ಸೇರಿದ ಗೆರೆಯನ್ನು ಅರದಿಂದ ಉಜ್ಜಿದ ಗುರುತು ಕಾಣುತ್ತದೆ. ಬಡಿದ ನಾಣ್ಯದಲ್ಲಿ ಲೋಹ ಹೊರಕ್ಕೆ ಹರಿದಿರುತ್ತದೆ. ಅಕ್ಷರಗಳ ಬುಡದಲ್ಲಿ ಅಂಚಿನ ಕಡೆಗೆ ಎಳೆದಂತಹ ಸೂಕ್ಷ್ಮ ಗೆರೆಗಳು ಕಾಣುತ್ತವೆ, ಕೆಲವೊಮ್ಮೆ ಅಂಚು ಸೀಳಿರುತ್ತದೆ. ಇನ್ನೊಂದು ಗಟ್ಟಿ ಪರೀಕ್ಷೆಯಿದೆ. ಅಸಲಿ ನಾಣ್ಯಗಳು ಒಂದೇ ಅಚ್ಚಿನವಾಗಿದ್ದರೂ ಅವುಗಳ ಅಂಚು, ಜಾರಿಕೆ, ಸೀಳು ಬೇರೆ ಬೇರೆಯಾಗಿರುತ್ತವೆ. ಒಂದೇ ಜಾಗದಲ್ಲಿ ಒಂದೇ ಬಗೆಯ ಸೀಳಿರುವ ಎರಡು ನಾಣ್ಯಗಳು ಮಾರಾಟಕ್ಕೆ ಕಂಡರೆ ಅವುಗಳಲ್ಲಿ ಒಂದಾದರೂ ನಕಲಿಯೆಂದು ಅನುಮಾನವಿಲ್ಲದೆ ಹೇಳಬಹುದು. ಆದ್ದರಿಂದ ನಿಮ್ಮ ಸಹೋದ್ಯೋಗಿಯ ವಾದವನ್ನು ತಿರುಗಿಸಿ ಹೇಳಬೇಕಾಗುತ್ತದೆ: ತೀರಾ ದುಂಡಗಿನ, ತೀರಾ ನಡುವಿಗೆ ಬಂದ, ಎಲ್ಲ ಅಕ್ಷರಗಳೂ ಒಂದೇ ಆಳದಲ್ಲಿರುವ ಪೆನ್ನಿಯನ್ನೇ ನಾನು ಮೊದಲು ಅನುಮಾನಿಸುವುದು.

ಆ ಕಾಲದ ಕಳ್ಳನಾಣ್ಯಗಳೂ ಉಂಟು. ತಾಮ್ರದ ಬಿಲ್ಲೆಗೆ ಬೆಳ್ಳಿಯ ತೊಗಲು ಹೊದಿಸಿದವುಗಳ ಅಂಚಿನಲ್ಲಿ ಹಸಿರು ಕಿಲುಬು ಒಡೆದು ಬರುತ್ತದೆ. ಇನ್ನು ಎಡ್ವರ್ಡ್‌ನ ಪೆನ್ನಿಯನ್ನು ಅನುಕರಿಸಿ ನೆದರ್ಲೆಂಡ್ಸ್, ಬೆಲ್ಜಿಯಂ ಕಡೆಯ ಪಾಳೆಯಗಾರರು ಹೊಡೆಸಿದ ಕಡಿಮೆ ಬೆಳ್ಳಿಯ ನಾಣ್ಯಗಳು ಎಷ್ಟು ಹಾವಳಿಯೆಬ್ಬಿಸಿದವೆಂದರೆ, ಅವುಗಳ ಬೆಲೆಯನ್ನು 1299ರ ಕೊನೆಯಲ್ಲಿ ಅರ್ಧಕ್ಕಿಳಿಸಿ, 1300ರಲ್ಲಿ ಪೂರ್ತಿ ರದ್ದುಗೊಳಿಸಬೇಕಾಯಿತು. ಇಂಥವು ಈಗ ಸಂಗ್ರಾಹಕರ ಪಾಲಿಗೆ ತಮ್ಮದೇ ಬೆಲೆಯುಳ್ಳ ವಸ್ತುಗಳು; ನೀವು ಭಯಪಡಬೇಕಾದ ನಕಲಿಗಳಲ್ಲ.

ಮನೆಯಲ್ಲಿ ಮಾಡುವ ಪರೀಕ್ಷೆಗಳ ಮಿತಿಯನ್ನೂ ತಿಳಿದಿರಿ. ಅಯಸ್ಕಾಂತಕ್ಕೆ ಅಂಟಿದರೆ ಅದು ಬೆಳ್ಳಿಯಲ್ಲವೆಂದು ಗೊತ್ತಾಗುತ್ತದೆ. ಅಂಟದಿದ್ದರೆ ಬೆಳ್ಳಿಯೆಂದಲ್ಲ, ಏಕೆಂದರೆ ತಾಮ್ರ, ಸೀಸ, ತವರಗಳೂ ಅಂಟುವುದಿಲ್ಲ. ನೀರಿನಲ್ಲಿ ಮುಳುಗಿಸಿ ಸಾಂದ್ರತೆ ಅಳೆಯುವ ಕ್ರಮ ದೊಡ್ಡ ರೂಪಾಯಿಗೆ ಸರಿ. 1.36 ಗ್ರಾಂ ತೂಗುವ ಸ್ಟರ್ಲಿಂಗ್ ಪೆನ್ನಿ ಸರಿಸುವ ನೀರು ಬರೀ 0.13 ಗ್ರಾಂ, ಅಷ್ಟೇ ತೂಕದ ತಾಮ್ರ ಸರಿಸುವುದು 0.15 ಗ್ರಾಂ. ಈ ಅಂತರ ಅಡುಗೆಮನೆಯ ತಕ್ಕಡಿಗೆ ಸಿಗುವುದೇ ಇಲ್ಲ, ಸಾವಿರದ ಒಂದಂಶ ಗ್ರಾಂ ತೋರಿಸುವ ತಕ್ಕಡಿ ಬೇಕು. ಒರೆಗಲ್ಲಿನ ಪರೀಕ್ಷೆಯನ್ನಂತೂ ಮಾಡಿಸಲೇಬೇಡಿ; ಅದು ನಾಣ್ಯದ ಒಂದಂಶವನ್ನೇ ತಿಂದುಬಿಡುತ್ತದೆ.

ನಿಮ್ಮ ಸೋದರಮಾವನವರ ಸಲಹೆಗೆ ಬರುತ್ತೇನೆ. ಬೆಳ್ಳಿಯ ದೀಪ, ತಟ್ಟೆಗಳ ವಿಷಯದಲ್ಲಿ ಅವರ ಮಾತು ಸರಿ. ಅಲ್ಲಿ ಸವೆಯಲು ಲೋಹ ಸಾಕಷ್ಟಿರುತ್ತದೆ. ಪೆನ್ನಿಯ ದಪ್ಪ ಹೆಚ್ಚುಕಡಿಮೆ ಉಗುರಿನಷ್ಟೇ. ಅದರ ಮೇಲಿನ ಮುಖವೆಂಬುದು ಕೂದಲೆಳೆಯ ಉಬ್ಬು. ಹುಣಸೆಯ ಹುಳಿ ಮಿಶ್ರಲೋಹದ ತಾಮ್ರವನ್ನು ಕರಗಿಸಿ ಮೈಯನ್ನು ಒರಟಾಗಿಸುತ್ತದೆ. ವಿಭೂತಿ, ಟೂತ್‌ಪೇಸ್ಟುಗಳಿಂದ ತಿಕ್ಕಿದರೆ ಉಬ್ಬಿದ ಭಾಗಗಳೇ ಮೊದಲು ಹೋಗುತ್ತವೆ. ಆ ಕಪ್ಪು ಬೆಳ್ಳಿ ಗಂಧಕದೊಂದಿಗೆ ಸೇರಿ ಆದದ್ದು, ಬಹುಮಟ್ಟಿಗೆ ತಾನೇ ರಕ್ಷಾಕವಚವಾಗಿ ನಿಂತಿದೆ. ಅದನ್ನು ತೆಗೆದ ನಾಣ್ಯ ಹೊಳೆಯುತ್ತದೆ, ಬೆಲೆ ಇಳಿಯುತ್ತದೆ. ಹೊಲದಲ್ಲಿ ಸಿಕ್ಕ ತುಂಡಿನ ಮಣ್ಣನ್ನು ಮಾತ್ರ ಬಟ್ಟಿಯಿಳಿಸಿದ ನೀರಿನಲ್ಲಿ ನೆನೆಸಿ ಬಿಡಿಸಬಹುದು. ಆಮೇಲೆ ಉಜ್ಜದೆ, ಮೆತ್ತನೆಯ ಬಟ್ಟೆಯಿಂದ ಒತ್ತಿ ನೀರು ತೆಗೆಯಿರಿ.

ಬಾಗನ್ನು ತಟ್ಟಿ ಸರಿಮಾಡುವುದು ಇನ್ನೂ ಅಪಾಯಕಾರಿ. ಶತಮಾನಗಳ ಕಾಲ ನೆಲದಲ್ಲಿದ್ದ ಬೆಳ್ಳಿ ಒಳಗಿಂದಲೇ ಪೆಡಸಾಗಿರುತ್ತದೆ. ಒಂದೇ ಏಟಿಗೆ ಎರಡಾಗಬಹುದು. ಅದಕ್ಕಿಂತ ಮುಖ್ಯವಾದ ಕಾರಣವೊಂದಿದೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಮನೆಯಲ್ಲಿ ಕಾಯಿಲೆಯಾದಾಗ ಸಂತನೊಬ್ಬನ ಹೆಸರು ಹೇಳಿ ಪೆನ್ನಿಯೊಂದನ್ನು ಬಾಗಿಸುತ್ತಿದ್ದರು. ಗುಣವಾದ ಮೇಲೆ ಅದನ್ನು ಆ ಸಂತನ ಸಮಾಧಿಗೆ ಒಪ್ಪಿಸಬೇಕು. ನಾವು ಅರಿಸಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ ದೇವರ ಮುಂದಿಡುವ ಕಾಸಿನಂತೆ ಅದು. ಬಾಗಿಸಿದ ಮೇಲೆ ಪೇಟೆಯ ಹಣವಾಗಿ ಉಳಿಯುತ್ತಿರಲಿಲ್ಲ. ನೇಗಿಲು ಬಾಗಿಸಿದ ನಾಣ್ಯದಲ್ಲಿ ಸಾಮಾನ್ಯವಾಗಿ ಗೀರುಗಳಿರುತ್ತವೆ, ಬಾಗು ಅಡ್ಡಾದಿಡ್ಡಿಯಾಗಿರುತ್ತದೆ. ನಿಮ್ಮದರಲ್ಲಿ ಗೀರಿಲ್ಲದೆ, ನಡುವೆ ಒಂದೇ ಮಡಿಕೆ ಇರುವುದನ್ನು ನೋಡಿದರೆ ಅದು ಹರಕೆಯ ನಾಣ್ಯವಾಗಿರುವ ಸಾಧ್ಯತೆಯನ್ನು ತಳ್ಳಿಹಾಕಲಾರೆ. ನಾನಾಗಿದ್ದರೆ ಮುಟ್ಟುವುದಿಲ್ಲ. ಪ್ರದರ್ಶನಕ್ಕೆಂದು ನೇರವಾಗಿಸಲೇಬೇಕಾದರೆ, ಲೋಹವನ್ನು ಹದವಾಗಿ ಕಾಯಿಸಿ ಮೆದುಗೊಳಿಸಬಲ್ಲ ಸಂರಕ್ಷಣಾ ತಜ್ಞರಿಂದ ಮಾತ್ರ ಮಾಡಿಸಬೇಕು. ಅಲ್ಲಿಯೂ ಮೈಬಣ್ಣ ಹೋಗುವ, ಹರಕೆಯ ಗುರುತು ಅಳಿಯುವ ನಷ್ಟ ತಪ್ಪದು.

ಹೊಲದ ತುಂಡಿನ ವಿಷಯದಲ್ಲಿ ಕಾನೂನು ನಿಮ್ಮಿಂದ ಹೆಚ್ಚೇನನ್ನೂ ಕೇಳುವುದಿಲ್ಲ. ಇಂಗ್ಲೆಂಡಿನ 1996ರ ನಿಧಿ ಕಾಯಿದೆಯಂತೆ, 300 ವರ್ಷಕ್ಕಿಂತ ಹಳೆಯದಾದ, ನೂರಕ್ಕೆ 10 ಭಾಗವಾದರೂ ಬೆಳ್ಳಿ ಅಥವಾ ಚಿನ್ನವಿರುವ ಎರಡು ಅಥವಾ ಹೆಚ್ಚು ನಾಣ್ಯಗಳು ಒಂದೇ ನಿಕ್ಷೇಪದಿಂದ ಸಿಕ್ಕರೆ ಅದು ನಿಧಿ. 14 ದಿನಗಳೊಳಗೆ ವರದಿ ಮಾಡಬೇಕು. ಒಂಟಿ ನಾಣ್ಯ ಸಾಮಾನ್ಯವಾಗಿ ನಿಧಿಯೆನಿಸುವುದಿಲ್ಲ. ಆದರೆ ಹೊಲದೊಡೆಯರ ಒಪ್ಪಿಗೆ ಇತ್ತೇ, ಸಿಕ್ಕಿದ್ದು ಯಾರ ಪಾಲಿಗೆ ಎಂಬ ಮಾತಾಗಿತ್ತೇ ಎಂಬುದನ್ನು ಕ್ಲಬ್ಬಿನವರಲ್ಲಿ ಕೇಳಿಕೊಳ್ಳಿ, ಏಕೆಂದರೆ ಮೊದಲ ಹಕ್ಕು ನೆಲದ ಒಡೆಯರದು. ಮಗ ಮತ್ತೆ ಅದೇ ಜಾಗಕ್ಕೆ ಹೋದಾಗ ಇನ್ನೊಂದು ಪೆನ್ನಿ ಹತ್ತಿರದಲ್ಲಿಯೇ ಸಿಕ್ಕರೆ ಲೆಕ್ಕ ಬದಲಾಗಬಹುದು. ಆಗ ಅಗೆಯುವುದನ್ನು ನಿಲ್ಲಿಸಿ ತಿಳಿಸುವುದೇ ಸರಿ. ಈಗಿನ ಒಂಟಿ ತುಂಡನ್ನು ಕೂಡ ‘ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್’ ಎಂಬ ವ್ಯವಸ್ಥೆಯ ನಿಮ್ಮ ಕೌಂಟಿಯ ಅಧಿಕಾರಿಗೆ ತೋರಿಸಿ ದಾಖಲಿಸಬಹುದು. ಕಡ್ಡಾಯವಲ್ಲ. ಆದರೆ ಕ್ಯಾಂಟರ್ಬರಿಯ ಚಿಲ್ಲರೆ ಲೆಸ್ಟರ್ ಸುತ್ತಲಿನ ಹೊಲಕ್ಕೆ ಬಂದಿತ್ತೆಂಬುದು ಚರಿತ್ರೆಗೆ ಉಪಯೋಗಕ್ಕೆ ಬರುವ ಸಂಗತಿ. ಸಿಕ್ಕ ಜಾಗ ಬರೆದಿಡದಿದ್ದರೆ ಅದು ಅಲ್ಲಿಗೇ ಮುಗಿಯುತ್ತದೆ. ಆ ಅಧಿಕಾರಿ ಅದೇ ಹೊತ್ತಿನಲ್ಲಿ ನಾಣ್ಯವನ್ನು ಗುರುತಿಸಿಯೂ ಕೊಡುತ್ತಾರೆ.

ಕೊಂಡ ಎರಡನ್ನು ಅನುಭವಿ ನಾಣ್ಯ ವ್ಯಾಪಾರಿಯೊಬ್ಬರಿಗೆ ತೋರಿಸಿ ಲಿಖಿತ ಅಭಿಪ್ರಾಯ ಪಡೆಯಬಹುದು; ಲಂಡನ್, ಕ್ಯಾಂಟರ್ಬರಿಗಳ ಸಾಧಾರಣ ಪೆನ್ನಿಗಳು ಹತ್ತಾರು ಪೌಂಡಿಗೆ ಸಿಗುವಂಥವಾದ್ದರಿಂದ, ಪರೀಕ್ಷೆಯ ಶುಲ್ಕ ನಾಣ್ಯದ ಬೆಲೆಯನ್ನೇ ಮೀರದಂತೆ ನೋಡಿಕೊಳ್ಳಿ. ಮೂರನ್ನೂ ಪಿ.ವಿ.ಸಿ. ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಇಡಬೇಡಿ, ಕಾಲಕ್ರಮೇಣ ಅದರಿಂದ ಹಸಿರು ಜಿಗುಟು ಇಳಿಯುತ್ತದೆ. ಆಮ್ಲರಹಿತ ಕಾಗದದ ಪುಟ್ಟ ಲಕೋಟೆಯಲ್ಲಿಟ್ಟು, ಅದರ ಮೇಲೆ ತೂಕ, ಓದಿದ ಅಕ್ಷರಗಳು, ಎಲ್ಲಿಂದ ಬಂತು, ಯಾವಾಗ ಎಂಬುದನ್ನು ಮಗನ ಕೈಯಿಂದಲೇ ಪೆನ್ಸಿಲ್ಲಿನಲ್ಲಿ ಬರೆಸಿ. ಮುಂದೆ ಸಂತೆಯಲ್ಲಿ ಕೊಳ್ಳುವುದಾದರೆ ಮಾರಾಟಗಾರನ ಹೆಸರು, ವಿಳಾಸವಿರುವ ರಸೀದಿ ಮತ್ತು ನಕಲಿಯಾದರೆ ಹಣ ಹಿಂದಿರುಗಿಸುವ ಒಪ್ಪಂದ ಕೇಳಿ. ಎರಡನ್ನೂ ಕೊಡಲೊಪ್ಪದವರಿಂದ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ.